ಕೆರೆಯ ಬಾಯಿಗೆ ಬೀಳುವುದೇನು?

ಬೆಳಗಿನ ಜಾವ ಐದೂವರೆಗೆ ಬೆಂಗಳೂರಿನ ಜಕ್ಕೂರು ಕೆರೆಯ ಉತ್ತರದ ತುದಿಗೆ ಹೋದರೆ ಕೆರೆ ಮೊದಲು ಮೂಗಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಜೊಂಡಿನ ನಡುವೆ ನೀರು ಸದ್ದಿಲ್ಲದೆ ಜರುಗುತ್ತಿರುತ್ತದೆ. ಯಾರೋ ಸೊಂಟಮಟ್ಟ ನೀರಲ್ಲಿ ನಿಂತು ದನಕ್ಕೆ ಹುಲ್ಲು ಕೊಯ್ಯುತ್ತಿರುತ್ತಾರೆ. ದಡದಲ್ಲಿ ಎಕ್ಸೆಲ್ ಗಾಡಿ, ಅದರ ಮೇಲೆ ಆಗಲೇ ಎರಡು ಹೊರೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿಗೆ ಅಳಿವೆ ಎಲ್ಲಿಂದ ಬರಬೇಕು? ಆದರೆ ಕರಾವಳಿಯಲ್ಲಿ ಹೊಳೆ ಕಡಲು ಸೇರುವಲ್ಲಿ ಆಗುವ ಕೆಲಸವೇ ನಮ್ಮಲ್ಲಿ ಕಾಲುವೆ ಕೆರೆ ಸೇರುವ ಈ ಕೆಸರಿನ ಬಾಯಲ್ಲಿ ಆಗುತ್ತದೆ. ಹೂಳು ಇಲ್ಲೇ ಇಳಿಯುತ್ತದೆ, ಮೀನು ಇಲ್ಲೇ ಮರಿ ಮಾಡುತ್ತದೆ, ಹಕ್ಕಿ ಇಲ್ಲೇ ಮೇಯುತ್ತದೆ. ಈ ಬಾಯಿಯನ್ನು ಊರು ಬಹುಕಾಲ ಮರೆತೇಬಿಟ್ಟಿತ್ತು.

ಮೊದಲು ಹಾಗಿರಲಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಊರು ಮಳೆ ನೀರನ್ನು ಕೆರೆಯಿಂದ ಕೆರೆಗೆ ಇಳಿಸಿಕೊಂಡು ಬದುಕಿತ್ತು. ಮೇಲಿನದರ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ತೂಬು ಎತ್ತುವುದು, ಇಳಿಸುವುದು ನೀರುಗಂಟಿಯ ಕೆಲಸ. ಬೇಸಿಗೆಯಲ್ಲಿ ಕೆರೆ ಬತ್ತುತ್ತಿತ್ತು, ಹೂಳು ಗಾಡಿ ಹತ್ತಿ ಹೊಲಕ್ಕೆ ಹೋಗುತ್ತಿತ್ತು. 1896ರಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ನಲ್ಲಿ ಬಂದ ಮೇಲೆ ಕೆರೆ ಯಾರಿಗೆ ಬೇಕು? ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು.

ಕೆರೆ ನುಂಗಿದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಹೇಳದ ಕಥೆ ಇನ್ನೊಂದಿದೆ. ಸುಮಾರು 100 ಕಿ.ಮೀ. ದೂರದಿಂದ ಮೇಲೆತ್ತಿ ತಂದ ಕಾವೇರಿ ನೀರು ಬಳಸಿದ ಮೇಲೆ ಎಲ್ಲಾದರೂ ಹೋಗಲೇಬೇಕಲ್ಲ. ಇಳಿಜಾರಿನಲ್ಲಿ ಅದಕ್ಕೆ ಸಿಕ್ಕಿದ್ದು ಮಳೆನೀರು ಹರಿಯುವ ರಾಜಕಾಲುವೆ. ಬೇಸಿಗೆಯಲ್ಲಿ ಬತ್ತುತ್ತಿದ್ದ ಮಳೆಗೆರೆಗಳು ಹೀಗೆ ವರ್ಷವಿಡೀ ತುಂಬಿರುವ ಕೊಳಚೆಗೆರೆಗಳಾದವು.

1985ರಲ್ಲಿ ರಚನೆಯಾದ ಎನ್. ಲಕ್ಷ್ಮಣ ರಾವ್ ಸಮಿತಿ ಉಳಿದ ಕೆರೆಗಳನ್ನು ಕೆರೆಗಳಾಗಿಯೇ ಉಳಿಸಬೇಕೆಂದಿತು. ಆದರೂ ಬಹುಪಾಲು ‘ಅಭಿವೃದ್ಧಿ’ ನಡೆದದ್ದು ಒಂದೇ ಅಚ್ಚಿನಲ್ಲಿ: ನೀರು ಖಾಲಿ ಮಾಡು, ಜೆಸಿಬಿ ಇಳಿಸು, ಬೋಗುಣಿಯಂತೆ ತೋಡು, ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಹಾಕು. ನೋಡಲು ಚೆಂದ. ಆದರೆ ಮೆಟ್ಟುಗಾಲು ಹಕ್ಕಿಗೆ ಕಾಲೂರಲು ಬೇಕಾದದ್ದು ಗೇಣುದ್ದದ ನೀರು. ಅಂಚೇ ಇಲ್ಲದ ಕೆರೆಯಲ್ಲಿ ಅದು ಎಲ್ಲಿ ನಿಲ್ಲಬೇಕು?

ಆಮೇಲೆ ಹೆಬ್ಬಾಳದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವ ಯೋಜನೆ ಬಂತು. ಅದರ ವಿರುದ್ಧ 2008ರಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಘಟನೆ ಹೈಕೋರ್ಟ್ ಮೆಟ್ಟಿಲೇರಿತು. ಅದೇ ಹೊತ್ತಿಗೆ ಸರ್ಜಾಪುರ ರಸ್ತೆಯ 48 ಎಕರೆಯ ಕೈಕೊಂಡ್ರಹಳ್ಳಿ ಕೆರೆಯಲ್ಲಿ ಬೇರೆಯದೇ ಪ್ರಯೋಗ ಶುರುವಾಗಿತ್ತು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ, ಸುತ್ತಲಿನ ನಿವಾಸಿಗಳು, ಬಿಬಿಎಂಪಿ ಎಂಜಿನಿಯರುಗಳು ಒಟ್ಟಿಗೆ ನಕ್ಷೆ ಹಿಡಿದು ಕೂತರು. 2010ರಲ್ಲಿ ಪುಟ್ಟೇನಹಳ್ಳಿ ಕೆರೆಯ ನೆರೆಯವರೂ ಟ್ರಸ್ಟ್ ಕಟ್ಟಿದರು. ಮರುವರ್ಷ ಪಾಲಿಕೆ ಆ ಪುಟ್ಟ ಕೆರೆಯ ಉಸ್ತುವಾರಿಯನ್ನು ಬರಹದಲ್ಲೇ ಅವರಿಗೆ ವಹಿಸಿತು. ಮುಂದೆ ಆ ಕೆರೆಗೆ ಪಕ್ಕದ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರು ಬಂತು.

160 ಎಕರೆಯ ಜಕ್ಕೂರಿನದು ಇನ್ನೂ ದೊಡ್ಡ ಪ್ರಯೋಗ. ಜಲಮಂಡಳಿಯ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಶುದ್ಧಮಾಡಿದ ಕೊಳಚೆ ನೇರ ಕೆರೆಗೆ ಬೀಳದೆ ಕೃತಕ ಜೌಗಿನ ಮೂಲಕ ಹಾಯುತ್ತದೆ. ಎಸ್‌ಟಿಪಿ ಬಿಟ್ಟ ಸಾರಜನಕ, ರಂಜಕವನ್ನು ಜೊಂಡು ಹೀರುತ್ತದೆ. ಹುಲ್ಲು ಕೊಯ್ದು ಎಕ್ಸೆಲ್ ಗಾಡಿಯಲ್ಲಿ ಒಯ್ಯುವವರು, ಯಾರೂ ಹೇಳದೆಯೇ, ಅದರಲ್ಲೊಂದು ಪಾಲನ್ನು ಕೆರೆಯಿಂದ ಹೊರಗೆ ಸಾಗಿಸುತ್ತಾರೆ. ಕೆರೆ ಪ್ರೇಮಿಗಳ ಸಭೆಗೆ ಇವರನ್ನು ಕರೆಯುವವರು ಕಡಿಮೆ. ಎಷ್ಟೋ ಕೆರೆಗಳಲ್ಲಿ ‘ಸಮುದಾಯ’ ಎಂದರೆ ವಾಕಿಂಗ್ ಬರುವವರು ಮಾತ್ರ, ಬೇಲಿ ಬಿದ್ದ ದಿನವೇ ದನ ಕಾಯುವವರೂ ಅಗಸರೂ ಹೊರಗೆ. ಜಕ್ಕೂರು ಈ ವಿಷಯದಲ್ಲಿ ಮೇಲು.

ಇಲ್ಲಿನ ನೀರನ್ನು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಎಸ್‌ಟಿಪಿ, ಜೌಗು, ಕೆರೆ ಎಂದು ಹಂತಹಂತವಾಗಿ ಪರೀಕ್ಷಿಸಿದ್ದಾರೆ. ಜನರ ನೆರವು ಬೇಕಾಗುವುದು ಇಂಥ ಕೆಲಸಕ್ಕೇ. ಕೊಳಚೆ ಉಂಡು ಬೆಳೆದ ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ತಳ ಮುಟ್ಟುವುದು ಸೂರ್ಯ ಹುಟ್ಟುವ ಮೊದಲು. ಮಧ್ಯಾಹ್ನ ಎರಡಕ್ಕೆ ಬಾಟಲಿ ತುಂಬಿ ಲ್ಯಾಬಿಗೆ ಒಯ್ದರೆ ಕೆರೆ ಆರೋಗ್ಯವಾಗಿದೆ ಎಂದೇ ವರದಿ ಬರುತ್ತದೆ, ಮರುದಿನ ಬೆಳಿಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲಬಹುದು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ತೇಲಿದ ರಾಶಿ ಮೀನು ಹಲವರಿಗೆ ನೆನಪಿರಬಹುದು. ಐದೂವರೆಗೆ ದಿನವೂ ದಡದಲ್ಲಿರಲು ವಿಜ್ಞಾನಿಗೆ ಆಗದು, ನೆರೆಯವರಿಗೆ ಆಗುತ್ತದೆ. ಕಿಟ್ಟಿನಲ್ಲಿ ನಾಲ್ಕು ಹನಿ ಹಾಕಿ ಬಣ್ಣ ನೋಡಿ ಬರೆದಿಡುವುದನ್ನು ಒಂದು ಬೆಳಿಗ್ಗೆಯಲ್ಲಿ ಕಲಿಯಬಹುದು. ಕಷ್ಟವಿರುವುದು ಅದನ್ನು ಮುನ್ನೂರು ಬೆಳಿಗ್ಗೆ ಮಾಡುವುದರಲ್ಲಿ.

ಹೀಗೆ ದುಡಿಯುವವರಿಗೆ ಕಾಗದದ ಬಲ ಮಾತ್ರ ಗಟ್ಟಿಯಿಲ್ಲ. 2020ರಲ್ಲಿ ಹೈಕೋರ್ಟ್, ಕೆರೆಗಳ ವಿಷಯದಲ್ಲಿ ಪಾಲಿಕೆ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದನ್ನು ತಡೆಯಿತು. ಉದ್ದೇಶ ಸರಿಯೇ. ಆದರೆ ಅದರ ಬೆನ್ನಿಗೇ ಬಡಾವಣೆಯ ಟ್ರಸ್ಟ್‌ಗಳ ಒಪ್ಪಂದಗಳೂ ನವೀಕರಣವಾಗದೆ ನಿಂತವು. ರಾಜಕಾಲುವೆಯಲ್ಲಿ ಕಚ್ಚಾ ಕೊಳಚೆ ಬಂದದ್ದನ್ನು ಮೊದಲು ಕಾಣುವವರು ಅವರೇ, ಕೇಳುವ ಅಧಿಕಾರವಿಲ್ಲದವರೂ ಅವರೇ.

ಜಕ್ಕೂರಿನ ಕೋಡಿ ನೀರು ರಾಚೇನಹಳ್ಳಿ ಕೆರೆಗೆ ಇಳಿಯುತ್ತದೆ, ಕಣಿವೆ ಹಿಡಿದು ಮುಂದೆ ದಕ್ಷಿಣ ಪಿನಾಕಿನಿಗೆ. 2015ರಿಂದ ನೊರೆಗೆ, 2017ರಲ್ಲಿ ಬೆಂಕಿಗೆ ಸುದ್ದಿಯಾದ ಬೆಳ್ಳಂದೂರು ಕೆರೆಯ ನೀರೂ ಕೊನೆಗೆ ಸೇರುವುದು ಅದೇ ನದಿಯನ್ನು. ಹೊಸೂರಿನ ಬಳಿ ಕೆಲವರಪಳ್ಳಿ ಜಲಾಶಯದಿಂದ ನೀರು ಬಿಟ್ಟಾಗ ನಮ್ಮ ಸೋಪಿನ ನೊರೆ ಗುಡ್ಡೆಯಾಗಿ ಏಳುತ್ತದೆ. ಅಲ್ಲಿಂದಾಚೆಗೆ ಆ ನದಿ ತಮಿಳುನಾಡಿನ ತೆನ್‌ಪೆಣ್ಣೈ. ಕಡಲೂರಿನ ಬಳಿ ಅದಕ್ಕೆ ನಿಜವಾದ ಅಳಿವೆಯೇ ಇದೆ.