ಕತ್ತಿ, ಕೋವಿ ಮತ್ತು ಗಡಿ ದಾಟುವ ಪ್ಯಾಕೆಟ್

"ಅಪಾಯದ ವಸ್ತುಗಳನ್ನೆಲ್ಲ ನಿಷೇಧಿಸಿದರೆ ಹೊಡೆದಾಟ ಕಡಿಮೆ ಆಗುವುದಿಲ್ವಾ ವಕೀಲರೇ?" ಕಾಸರಗೋಡಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ನನಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಯಾವ ವಸ್ತು ಅಂತ ಮೊದಲು ಹೇಳಿ ಅನ್ನುತ್ತೇನೆ. ಕೋವಿಗೆ ಒಂದು ಉತ್ತರ, ಸಾರಾಯಿಗೆ ಇನ್ನೊಂದು.

ನಮ್ಮಲ್ಲಿ ನೆರೆಕರೆಯ ಜಗಳದ ಕೇಸುಗಳಲ್ಲಿ ಸಿಗುವ ಆಯುಧ ಸಾಮಾನ್ಯವಾಗಿ ಮಡಲು ಕಡಿಯುವ ಕತ್ತಿ, ಹಾರೆ, ಇಲ್ಲವೇ ದಾರಿಬದಿಯ ಕಲ್ಲು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿದೆ, ಆದರೆ ಮನೆಗೆಲಸ, ಕೃಷಿಯ ಕತ್ತಿಗೆ ವಿನಾಯಿತಿ. ಇಲ್ಲದಿದ್ದರೆ ಅಡಿಕೆ ತೋಟಕ್ಕೆ ಹೊರಟವರೆಲ್ಲ ಜಾಮೀನಿಗೆ ಅರ್ಜಿ ಹಾಕಬೇಕಾಗುತ್ತಿತ್ತು! ಕಲ್ಲು ಅಪಾಯಕಾರಿ ಆಯುಧವೇ ಎಂಬ ಪ್ರಶ್ನೆ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅದು ಆಯಾ ಸಂದರ್ಭ ನೋಡಿ ತೀರ್ಮಾನಿಸುವ ವಿಷಯ ಅಂತ 2005ರಲ್ಲಿ ತೀರ್ಪು ಬಂತು.

ಹಾಗಾದರೆ ಕೋವಿಗೆ ಮಾತ್ರ ಯಾಕೆ ಲೈಸೆನ್ಸ್? ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಯಾರ ಕೆರೆಗೆ ಹೋಗಬೇಕು ಅಂತ ಶುರುವಾದ ಒಂದು ಜಗಳದಲ್ಲಿ ಕತ್ತಿ ಎತ್ತಿದವನ ಕೈಯನ್ನು ಅವನ ಅತ್ತಿಗೆಯೇ ಓಡಿ ಬಂದು ಹಿಡಿದರು. ಎದುರಿನವನ ಕಿವಿಯ ಹತ್ತಿರ ಒಂದಷ್ಟು ಹೊಲಿಗೆ ಬಿತ್ತು, ಕೇಸು ಆಮೇಲೆ ರಾಜಿಯಾಯಿತು. ಕತ್ತಿ ಬೀಸಬೇಕಾದರೆ ಹತ್ತಿರ ಬರಬೇಕು, ಅಷ್ಟರಲ್ಲಿ ಓಡಬಹುದು, ಯಾರಾದರೂ ನಡುವೆ ಬರಬಹುದು. ಜಗಲಿಯಲ್ಲಿ ತುಂಬಿಟ್ಟ ಕೋವಿ ಇದ್ದಿದ್ದರೆ ಅತ್ತಿಗೆ ಅಂಗಳ ದಾಟುವ ಮೊದಲೇ ಎಲ್ಲ ಮುಗಿಯುತ್ತಿತ್ತು. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಒಬ್ಬನೇ 35 ಜನರನ್ನು ಗುಂಡಿಟ್ಟು ಕೊಂದ. ಅದರ ಬೆನ್ನಿಗೇ ಅಲ್ಲಿನ ಸರ್ಕಾರ ಕಾನೂನು ಬಿಗಿ ಮಾಡಿ 6 ಲಕ್ಷಕ್ಕೂ ಹೆಚ್ಚು ಕೋವಿಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆಯಿತು. ಆಮೇಲೆ ಅಲ್ಲಿ ಗುಂಡಿನ ಸಾವು ಇಳಿದದ್ದು ನಿಜ.

ಸಾರಾಯಿಯ ಕಥೆ ಬೇರೆ. ಕೇರಳ 1996ರಲ್ಲಿ ಅದನ್ನು ನಿಷೇಧಿಸಿತು, 2000ದಲ್ಲಿ ಕಲ್ಲುವಾತುಕ್ಕಲ್‌ನಲ್ಲಿ ಕಳ್ಳಭಟ್ಟಿ ಕುಡಿದು 31 ಜನ ಸತ್ತರು. ಕರ್ನಾಟಕ ನಿಷೇಧಿಸಿದ್ದು 2007ರಲ್ಲಿ. ಒಂದು ವರ್ಷವೂ ತುಂಬಿರಲಿಲ್ಲ, ಬೆಂಗಳೂರು, ಕೋಲಾರ, ಕೃಷ್ಣಗಿರಿ ಸುತ್ತ ಸತ್ತವರು ನೂರಕ್ಕೂ ಹೆಚ್ಚು. ಕೋವಿಯ ಹಾಗಲ್ಲ ಇದು. ಮನೆಯ ಹಿಂದೆಯೇ ಕಾಯಿಸಬಹುದು, ಬೇಕು ಅನ್ನುವವರು ದಿನಾ ಬರುತ್ತಾರೆ.

ಇನ್ನೊಂದು ವಿಷಯವನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಕರ್ನಾಟಕದ ಮದ್ಯದ ಪ್ಯಾಕೆಟ್ ಗಡಿ ದಾಟಿ ಬಂದರೆ ಇಲ್ಲಿ ಅಬ್ಕಾರಿ ಕೇಸು. 10 ವರ್ಷದವರೆಗೆ ಸಜೆ, 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಆದರೂ ಬರುತ್ತದೆ. ಈಗ ಮಾಲು ತೆಗೆದುಕೊಂಡವನು ದುಡ್ಡು ಕೊಡಲಿಲ್ಲ ಅಂತಿಟ್ಟುಕೊಳ್ಳಿ. ಅಡಿಕೆ ವ್ಯಾಪಾರಿಯಾದರೆ ನೋಟಿಸ್ ಕಳಿಸುತ್ತಾನೆ, ಮುನ್ಸಿಫ್ ಕೋರ್ಟಿಗೆ ಹೋಗುತ್ತಾನೆ. ಪ್ಯಾಕೆಟ್ ಮಾರಿದ ಇವನು ಎಲ್ಲಿಗೆ ಹೋಗಬೇಕು? ಕಾನೂನು ಒಪ್ಪದ ವ್ಯವಹಾರದ ಕರಾರಿಗೆ ಬೆಲೆಯಿಲ್ಲ ಅನ್ನುತ್ತದೆ 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್. ಹಾಗಾಗಿ ವಸೂಲಿ ರಸ್ತೆಯಲ್ಲೇ ನಡೆಯುತ್ತದೆ, ಹುಡುಗರನ್ನು ಕರೆದುಕೊಂಡು, ಬೈಕ್ ಅಡ್ಡ ಹಾಕಿ. ಕುಡಿದ ಅಮಲಿನ ಹೊಡೆದಾಟ ಒಂದು ಬಗೆ, ಈ ಲೆಕ್ಕದ ಹೊಡೆದಾಟ ಇನ್ನೊಂದು. ಈ ಎರಡನೆಯದನ್ನು ಹುಟ್ಟಿಸುವುದು ನಿಷೇಧವೇ.

ಕಾಡುಹಂದಿ ಕಾಟ ಅಂತ ಕೋವಿ ಲೈಸೆನ್ಸ್ ಕೇಳಿಕೊಂಡು ಬರುವ ಕೃಷಿಕರಿಗೆ ನಾನೇ ಅರ್ಜಿ ಬರೆದುಕೊಡುತ್ತೇನೆ. ಅಣ್ಣತಮ್ಮಂದಿರ ಮೇಲೆ ಪಾಲಿನ ಕೇಸು ನಡೆಯುತ್ತಿದೆಯಾ ಅಂತ ಮೊದಲು ವಿಚಾರಿಸುತ್ತೇನೆ. ನಡೆಯುತ್ತಿದ್ದರೆ, ಅದು ಮುಗಿದ ಮೇಲೆ ಬನ್ನಿ ಅಂತ ಕಳಿಸುತ್ತೇನೆ.