ಆಲ್ಬರ್ಟಾ ಹಂಟರ್ ಮುಚ್ಚಿಟ್ಟ 12 ವರ್ಷ

1977ರಲ್ಲಿ ನ್ಯೂಯಾರ್ಕಿನ ಗೋಲ್ಡ್‌ವಾಟರ್ ಆಸ್ಪತ್ರೆ ಒಬ್ಬ ನರ್ಸಮ್ಮನಿಗೆ ನಿವೃತ್ತಿ ಕೊಟ್ಟು ಮನೆಗೆ ಕಳಿಸಿತು. 70 ಆಯ್ತಲ್ಲ, ಇನ್ನು ಸಾಕು ಅಂತ. ಆದರೆ 70 ಅನ್ನೋದು ಕಾಗದದ ಲೆಕ್ಕ. ನರ್ಸಮ್ಮನಿಗೆ ಆಗಲೇ 82!

ಹೆಸರು ಆಲ್ಬರ್ಟಾ ಹಂಟರ್. ಒಂದು ಕಾಲದ ಬ್ಲೂಸ್ (ಕಪ್ಪು ಅಮೆರಿಕನ್ನರ ನೋವು, ನಲಿವಿನ ಹಾಡು) ಗಾಯಕಿ. ಹುಟ್ಟಿದ್ದು 1895ರಲ್ಲಿ, ಅಮೆರಿಕದ ಮೆಂಫಿಸ್‌ನಲ್ಲಿ. ಶಿಕಾಗೋದಲ್ಲಿ ಹಾಡಿದರೆ ವಾರಕ್ಕೆ 10 ಡಾಲರ್ ಕೊಡ್ತಾರಂತೆ ಅಂತ ಯಾರೋ ಹೇಳಿದ್ದೇ ಸಾಕಾಯ್ತು, ಹುಡುಗಿ ಮನೆ ಬಿಟ್ಟು ಓಡಿದಳು. ಅಲ್ಲಿ ಮೊದಲು ಸಿಕ್ಕಿದ್ದು ಆಲೂಗಡ್ಡೆ ಸಿಪ್ಪೆ ತೆಗೆಯುವ ಕೆಲಸ. ಆಮೇಲೆ ಸಣ್ಣಪುಟ್ಟ ಬಾರುಗಳು. ಕೊನೆಗೆ ಡ್ರೀಮ್‌ಲ್ಯಾಂಡ್ ಕೆಫೆ. ಆ ಕಾಲದಲ್ಲಿ ಜಾಝ್ ದಿಗ್ಗಜ ಕಿಂಗ್ ಆಲಿವರ್‌ನಂಥವರ ಬ್ಯಾಂಡ್ ನುಡಿಸುತ್ತಿದ್ದ ಜಾಗ ಅದು.

ಪಿಯಾನೋ ವಾದಕಿ ಲವಿ ಆಸ್ಟಿನ್ ಜೊತೆ ಸೇರಿ ಆಲ್ಬರ್ಟಾ ಕಟ್ಟಿದ 'ಡೌನ್‌ಹಾರ್ಟೆಡ್ ಬ್ಲೂಸ್' 1922ರಲ್ಲಿ ಅವರದೇ ದನಿಯಲ್ಲಿ ರೆಕಾರ್ಡ್ ಆಯಿತು. ಮೈಕು ಇಲ್ಲದ ಕಾಲ. ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕು, ದನಿ ದೂರದಿಂದ ಬಂದ ಹಾಗೆ ಕೇಳುತ್ತದೆ. ಮರುವರ್ಷ ಇದೇ ಹಾಡು ಇನ್ನೊಬ್ಬ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರ ಮೊದಲ ರೆಕಾರ್ಡಾಗಿ ಬಂತು, ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಹಾಡು ಕಟ್ಟಿದವರ ಕೈಗೆ ಬಂದದ್ದು ಮಾತ್ರ ಚಿಲ್ಲರೆ. ಕಪ್ಪು ಕಲಾವಿದರ ಮಟ್ಟಿಗೆ ಆಗ ಇದು ಹೊಸದೇನೂ ಅಲ್ಲ.

1928ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಗಾಯಕ, ನಟ ಪಾಲ್ ರಾಬ್ಸನ್ ಜೊತೆ 'ಶೋ ಬೋಟ್' ಎಂಬ ಸಂಗೀತ ನಾಟಕ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಹಾಡಲು ತಂಡ ಕಟ್ಟಿಕೊಂಡು ಊರೂರು ಸುತ್ತಿದರು. ಭಾರತ, ಬರ್ಮಾ ಕಡೆಗೂ ಬಂದಿದ್ದರು.

1950ರ ದಶಕದಲ್ಲಿ ಅಮ್ಮ ತೀರಿಕೊಂಡರು. ಅಲ್ಲಿಗೆ ಹಾಡಿನ ಮೇಲಿನ ಆಸೆಯೇ ಹೋಯಿತು. ನರ್ಸಿಂಗ್ ಕಲಿಯೋಣ ಅಂತ ಹೊರಟರೆ ವಯಸ್ಸು 60 ದಾಟುತ್ತಿದೆ. ಯಾರು ಸೇರಿಸಿಕೊಳ್ತಾರೆ, ಅಲ್ವಾ? ವಯಸ್ಸಲ್ಲಿ 12 ವರ್ಷ ಕಡಿಮೆ ಮಾಡಿಕೊಂಡರು. ಆಮೇಲೆ 20 ವರ್ಷ ಬೇರೆಯವರ ಅಮ್ಮಂದಿರನ್ನು, ಅಪ್ಪಂದಿರನ್ನು ನೋಡಿಕೊಂಡರು. 1961ರಲ್ಲಿ ಒಂದಿಷ್ಟು ರೆಕಾರ್ಡಿಂಗ್ ಮಾಡಿದ್ದು ಬಿಟ್ಟರೆ ಹಾಡಿನ ಕಡೆ ತಿರುಗಿಯೂ ನೋಡಲಿಲ್ಲ. ತಾನು ಯಾರು ಅಂತ ಆಸ್ಪತ್ರೆಯಲ್ಲಿ ಹೇಳಿಕೊಳ್ಳಲೂ ಇಲ್ಲ.

ಈಗ ಅದೇ ಸುಳ್ಳಿನ ಲೆಕ್ಕದಲ್ಲಿ ಕೆಲಸ ಹೋಯಿತು. ಸುಮ್ನೆ ಕೂರುವ ಹೆಂಗಸಲ್ಲ. ಒಂದು ಪಾರ್ಟಿಯಲ್ಲಿ ಕಣ್ಣಿಗೆ ಬಿದ್ದದ್ದೇ ನೆಪ, ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ 'ದಿ ಕುಕರಿ' ಎಂಬ ಹೋಟೆಲಿನ ಮಾಲೀಕ ಬಾರ್ನಿ ಜೋಸೆಫ್‌ಸನ್ ಕೆಲವು ವಾರ ಹಾಡಲು ಕರೆದರು. ಕಿವಿಯಲ್ಲಿ ಬಳೆಯಷ್ಟು ದೊಡ್ಡ ರಿಂಗು, ಮುಖದಲ್ಲಿ ತುಂಟತನ. ದ್ವಂದ್ವಾರ್ಥದ ಸಾಲು ಬಂದರೆ ಅಜ್ಜಿ ನಾಚುತ್ತಿರಲಿಲ್ಲ, ಎದುರಿಗೆ ಕೂತವರು ನಾಚಬೇಕಿತ್ತು. ಜನ ಮುಗಿಬಿದ್ದರು. ಕೆಲವು ವಾರ ಅಂದದ್ದು ವರ್ಷಗಟ್ಟಲೆ ಎಳೆಯಿತು. ಶ್ವೇತಭವನದಲ್ಲೂ ಹಾಡಿ ಬಂದರು.

ನನ್ನನ್ನು ಕೇಳಿದರೆ 1920ರ ದಶಕದ ರೆಕಾರ್ಡಿಗಿಂತ 1980ರ 'ಆಮ್‌ಟ್ರ್ಯಾಕ್ ಬ್ಲೂಸ್' ಆಲ್ಬಮ್ಮೇ ಇಷ್ಟ. ದನಿ ಒಡೆದಿದೆ, ಉಸಿರು ಕಡಿಮೆ. ಆದರೆ ಪದ ಎಲ್ಲಿ ತಡೆಯಬೇಕು, ಎಲ್ಲಿ ಜಾರಿಸಬೇಕು ಅನ್ನೋದು ಚೆನ್ನಾಗಿ ಗೊತ್ತು.

1984ರ ಅಕ್ಟೋಬರ್ 17ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಮನೆ ಇದ್ದದ್ದು ರೂಸ್‌ವೆಲ್ಟ್ ದ್ವೀಪದಲ್ಲಿ. ಗೋಲ್ಡ್‌ವಾಟರ್ ಆಸ್ಪತ್ರೆ ಇದ್ದದ್ದೂ ಅದೇ ದ್ವೀಪದಲ್ಲಿ.