ಗೆರೆ ಮೂಡದಿದ್ದ ಮಾತ್ರಕ್ಕೆ

ಆಟಿಯ ಜಡಿಮಳೆ ಹಿಡಿಯಿತೆಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಕೆಮ್ಮು ಕೇಳದ ಮನೆ ಅಪರೂಪ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಏರುವ ಫ್ಲೂ ನಮ್ಮಲ್ಲಿ ಏರುವುದು ಮಳೆಗಾಲದಲ್ಲಿ. ಏದುಸಿರು ಬಿಡುತ್ತಿರುವ ಅಜ್ಜನನ್ನು ಆಸ್ಪತ್ರೆಗೆ ಕರೆತಂದಾಗ ಬೇಗ ತೀರ್ಮಾನವಾಗಬೇಕಾದ ಒಂದು ಸಂಗತಿಯಿದೆ: ಯಾವ ಮಂಚ? ಫ್ಲೂ ಇರುವವರು ಡಯಾಲಿಸಿಸ್ ರೋಗಿಯ ಪಕ್ಕ ಮಲಗಿದರೆ ಎರಡು ಮೂರು ದಿನದಲ್ಲಿ ಆ ರೋಗಿಗೂ ಜ್ವರ ಹತ್ತಬಹುದು. ಸುಮಾರು 15 ನಿಮಿಷದಲ್ಲಿ ಉತ್ತರ ಕೊಡುವ, ಮೂಗಿನ ಮಾದರಿಯಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಆಂಟಿಜೆನ್ ಕಿಟ್ ನಿಜಕ್ಕೂ ಉಪಕಾರಕ್ಕೆ ಬರುವುದು ಇಲ್ಲಿ.

ಕಿಟ್ಟಿನ ಪಟ್ಟಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳಿಗೆ, ಹೆಚ್ಚಾಗಿ ಚಿನ್ನದ ಕಣಗಳಿಗೆ, ಆಂಟಿಬಾಡಿ ಅಂಟಿಸಿರುತ್ತಾರೆ. ದ್ರವ ಹರಿದಂತೆ ಅವು ವೈರಸ್ಸಿನ ಪ್ರೋಟೀನನ್ನು ಹಿಡಿದು ಪರೀಕ್ಷೆಯ ಗೆರೆಯಲ್ಲಿ ಸಿಕ್ಕಿಕೊಳ್ಳುತ್ತವೆ. ‘ಸಿ’ ಎಂದು ಗುರುತಿಸಿದ ಕಂಟ್ರೋಲ್ ಗೆರೆ ಬಂದರೆ ದ್ರವ ಹರಿಯಿತು ಎಂದಷ್ಟೇ ಅರ್ಥ. ಮೂಗಿನಿಂದ ಮಾದರಿ ಸರಿಯಾಗಿ ಬಂದಿದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಹೆಚ್ಚಿನ ತಪ್ಪು ಆಗುವುದು ಮಾದರಿ ತೆಗೆಯುವಾಗ. ಸ್ವಾಬ್ ಕಡ್ಡಿಯನ್ನು ಹುಬ್ಬಿನ ಕಡೆಗೆ ಏರಿಸಬಾರದು. ಮೂಗಿನ ನೆಲಕ್ಕೆ ತಾಗಿಕೊಂಡು, ಅಂಗುಳಕ್ಕೆ ಸಮಾನಾಂತರವಾಗಿ, ಕಿವಿಯ ಕಡೆಗೆ ಸರಿಸಬೇಕು. ಮೃದುವಾಗಿ ತಡೆ ಸಿಕ್ಕಲ್ಲಿ ನಿಲ್ಲಿಸಿ, ತಿರುಗಿಸುತ್ತಾ ಕೆಲವು ಸೆಕೆಂಡು ಬಿಡಬೇಕು. ರೋಗಿಯ ಕಣ್ಣಲ್ಲಿ ನೀರು ಬಂತೆಂದು ಅರ್ಧದಲ್ಲೇ ಎಳೆದರೆ ಬರುವುದು ಬರೀ ಸಿಂಬಳ. ಬೇಕಾದದ್ದು ಒಳಪದರದ ಜೀವಕೋಶ. ಮರದ ಕಡ್ಡಿಗೆ ಸುತ್ತಿದ ಹತ್ತಿ ಆಗದು, ನೈಲಾನ್ ಅಥವಾ ಪಾಲಿಯೆಸ್ಟರ್ ತುದಿಯೇ ಬೇಕು.

ನಮ್ಮೂರಿನ ತೇವವೂ ಕಾಟ ಕೊಡುತ್ತದೆ. ಫ್ರಿಜ್ಜಿನಿಂದ ತೆಗೆದ ಕಿಟ್ ಕೋಣೆಯ ಶಾಖಕ್ಕೆ ಬರುವ ಮೊದಲೇ ಪೊಟ್ಟಣ ಬಿಚ್ಚಿದರೆ ಪಟ್ಟಿ ಬೆವರುತ್ತದೆ, ಹರಿವು ಕೆಡುತ್ತದೆ. ಮಾದರಿ ಕೈಗೆ ಬಂದ ಮೇಲೆಯೇ ಬಿಚ್ಚುವುದು ಒಳ್ಳೆಯದು. ಹೇಳಿದ ಸಮಯ ಕಳೆದು ಗಂಟೆಯಾದ ಮೇಲೆ ಕಾಣುವ ಮಸುಕು ಗೆರೆಯನ್ನು ನಂಬಬಾರದು.

ಫ್ಲೂ ಆಂಟಿಜೆನ್ ಕಿಟ್ಟುಗಳು ಹಿಡಿಯುವುದು ಸಾಮಾನ್ಯವಾಗಿ 100 ಸೋಂಕಿತರಲ್ಲಿ 50ರಿಂದ 70 ಮಂದಿಯನ್ನು. ಜ್ವರ-ಕೆಮ್ಮಿನಿಂದ ಸೇರಿದ 100 ಮಂದಿಯಲ್ಲಿ 30 ಮಂದಿಗೆ ಫ್ಲೂ ಇದೆ ಎಂದುಕೊಳ್ಳಿ. 60ರ ಲೆಕ್ಕದಲ್ಲಿ 18 ಮಂದಿ ಸಿಗುತ್ತಾರೆ, 12 ಮಂದಿ ‘ಇಲ್ಲ’ ಎಂಬ ಚೀಟಿ ಹಿಡಿದು ಸಾಮಾನ್ಯ ವಾರ್ಡಿಗೆ ಹೋಗುತ್ತಾರೆ. ಇದು ನನಗೆ ಸಣ್ಣ ಸಂಗತಿಯೆನಿಸುವುದಿಲ್ಲ. ಮಳೆಗಾಲದಲ್ಲಿ ಗೆರೆ ಬಂದರೆ ಬಹುತೇಕ ನಂಬಬಹುದು, ಬಾರದಿದ್ದರೆ ಅನುಮಾನ ಬಿಡಬಾರದು. ಮಕ್ಕಳ ಮೂಗಲ್ಲಿ ವೈರಸ್ ಹೆಚ್ಚು, ಹಾಗಾಗಿ ಗೆರೆ ಬೇಗ ಸಿಗುತ್ತದೆ. ವಯಸ್ಸಾದವರಲ್ಲಿ, ಅದೂ ನಾಲ್ಕು ದಿನ ಕಳೆದು ಬಂದವರಲ್ಲಿ, ತಪ್ಪಿಹೋಗುವುದು ಜಾಸ್ತಿ.

ಗೆರೆ ಬಾರದೆಯೂ ಅನುಮಾನ ಉಳಿದವರನ್ನು ಮಾಸ್ಕ್ ಹಾಕಿಸಿ ಬೇರೆಯಾಗಿಯೇ ಇರಿಸಿ, ಇನ್ನೊಂದು ಮಾದರಿಯನ್ನು ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಲ್ಯಾಬ್ ಪರೀಕ್ಷೆಯಾದ ಪಿಸಿಆರ್‌ಗೆ ಕಳಿಸಬೇಕು. ವೈದ್ಯರಿಗೆ ಫ್ಲೂ ಎಂಬ ಬಲವಾದ ಅನುಮಾನವಿದ್ದರೆ ಫಲಿತಾಂಶಕ್ಕೆ ಕಾಯದೆ ಫ್ಲೂ ವೈರಸ್ಸಿನ ಔಷಧವಾದ ಒಸೆಲ್ಟಾಮಿವಿರ್ ಶುರುಮಾಡುತ್ತಾರೆ. ದೊಡ್ಡವರಿಗೆ ರೂಢಿಯ ಪ್ರಮಾಣ 75 ಮಿಲಿಗ್ರಾಂ, ದಿನಕ್ಕೆರಡು ಸಲ, 5 ದಿನ. ಮೂತ್ರಪಿಂಡ ಸೋತಿದ್ದರೆ ಕಡಿಮೆ. ಮೊದಲ 48 ಗಂಟೆಯೊಳಗೆ ಸಿಕ್ಕರೆ ಗುಣ ಹೆಚ್ಚು. ಮಾದರಿಯ ಬಾಟಲಿ ಮಂಗಳೂರಿನವರೆಗೆ ಹೋಗುವುದಾದರೂ 2ರಿಂದ 8 ಡಿಗ್ರಿ ತಂಪಿನಲ್ಲೇ ಸಾಗಬೇಕು. ಅದರ ಚೀಟಿಯ ಮೇಲೆ ಹೆಸರಿನ ಜೊತೆಗೆ ಜ್ವರ ಶುರುವಾದ ದಿನವನ್ನೂ ಬರೆಯಬೇಕು.